ನಂಬಿಕೆಗೆ ಕೆಲಸ ಕೊಡಿ

ತಂಗೀ, ತಮ್ಮಾ,

ನಿಮ್ಮಿಬ್ಬರ ವಾದ ಮಾತಿನಲ್ಲಿ ಮುಗಿಯುವಂಥದ್ದಲ್ಲ. ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರು ನಡುವೆಯೇ ತುಂಡರಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಸಾವಕಾಶ ಕುಳಿತು ಓದಿರಿ.

ತಂಗೀ, ನೀನು ಧಾರವಾಡದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿರುವವಳು. "ನನ್ನ ಮ್ಯಾಲ ನನಗ ನಂಬಿಕಿ ಇದ್ರ ಸಾಕು, ಉಳಿದದ್ದು ತಾನ ಆಗತೈತಿ" ಅನ್ನುತ್ತೀ. ತಮ್ಮಾ, ನೀನು ಹಸಿರು ಶಾಲು ಹೆಗಲಿಗೆ ಹಾಕಿಕೊಂಡು ಮುಧೋಳ, ಜಮಖಂಡಿ, ಬೀಳಗಿ ತಿರುಗುವವನು. "ಒಬ್ಬನಿಂದ ಏನ್ ಆಗತೈತಿ ಅಜ್ಜಾ? ಹೋರಾಟ ದೊಡ್ಡದು, ನಾವು ಸಣ್ಣಾವ್ರು" ಅನ್ನುತ್ತೀ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಬ್ಬರ ಮಾತಿನಲ್ಲೂ ನನ್ನನ್ನು ರಾತ್ರಿ ಎಬ್ಬಿಸಿ ಕೂರಿಸುವ ಒಂದು ಅಪಾಯವೂ ಇದೆ.

ಮೊದಲು ನಿನ್ನದು, ತಂಗೀ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆದದ್ದು ನಿನಗೆ ಗೊತ್ತು. ಆಯ್ಕೆಯಾದವರ ಪಟ್ಟಿಯೂ ಹೊರಬಿತ್ತು. ಆಮೇಲೆ ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ಆಗುವಷ್ಟರಲ್ಲಿ 2024ರ ಜನವರಿ ಬಂದಿತ್ತು. ನಮ್ಮ ಭಾಗದ ಎಷ್ಟೋ ಹುಡುಗರು ಪ್ರಾಮಾಣಿಕವಾಗಿ ಓದಿ ಬರೆದಿದ್ದರು. ಪಟ್ಟಿಯಲ್ಲಿ ಹೆಸರು ಕಾಣದಿದ್ದಾಗ ಅವರು ತಮ್ಮನ್ನೇ ಹಳಿದುಕೊಂಡರು: ನನ್ನ ನಂಬಿಕೆ ಎಲ್ಲಿ ಕಡಿಮೆ ಬಿತ್ತು, ನನ್ನಲ್ಲೇ ಏನೋ ಕೊರತೆಯಿದೆ ಎಂದು. ಕೊರತೆ ಇದ್ದದ್ದು ಅವರಲ್ಲಲ್ಲ. "ನಿನ್ನನ್ನು ನೀನು ನಂಬು, ಎಲ್ಲ ಆಗುತ್ತದೆ" ಎಂಬ ಮಾತಿನ ಅಪಾಯ ಇಲ್ಲಿದೆ. ಲೋಕದ ತಪ್ಪನ್ನೂ ಅದು ನಿನ್ನ ತಲೆಗೇ ಕಟ್ಟುತ್ತದೆ. ಗೆದ್ದ ದಿನ ಮಾಡುವ ಕೆಡುಕು ಬೇರೆ. ಊರಿನವರು, ಗುರುಗಳು, ನಸುಕಿನಲ್ಲೆದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಿ ಬಸ್ಸಿಗೆ ಹಾಕಿದ ನಿಮ್ಮವ್ವ, ಎಲ್ಲರನ್ನೂ ಮರೆಸಿ "ನಾನೇ ಗೆದ್ದೆ" ಅನಿಸುತ್ತದೆ.

ಹಾಗಾದರೆ ತನ್ನ ಮೇಲೆ ನಂಬಿಕೆ ಬೇಡವೇ? ಬೇಕು. ಅದು ಹುಟ್ಟುವುದು ಎಲ್ಲಿಂದ ಎಂಬುದೇ ಪ್ರಶ್ನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಈ ಬಗ್ಗೆ ಬರೆದ. ನಾನು ಇದನ್ನು ಮಾಡಬಲ್ಲೆ ಎಂಬ ಧೈರ್ಯಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಮೂಲ, ಕಷ್ಟದ ಕೆಲಸವೊಂದನ್ನು ಸ್ವತಃ ಮಾಡಿ ಮುಗಿಸಿದ ಅನುಭವ ಅಂದ. ಅದರ ನಂತರ ಬರುವುದು ನಮ್ಮಂಥವರೇ ಮಾಡಿ ತೋರಿಸಿದ್ದನ್ನು ಕಣ್ಣಾರೆ ಕಂಡದ್ದು. "ನಿನ್ನಿಂದ ಆಗುತ್ತದೆ" ಎಂದು ಯಾರೋ ಹುರಿದುಂಬಿಸುವ ಮಾತಿಗೆ ಬಲ ಕಡಿಮೆ. ನೀನು ಗೋಡೆಗೆ ಅಂಟಿಸಿಕೊಂಡ ಚೀಟಿಗಳೆಲ್ಲ ಆ ಕಡಿಮೆ ಬಲದವು, ತಂಗೀ. ಅವು ಇರಲಿ, ಕೀಳಬೇಡ. ಅವುಗಳ ಮೇಲೆ ಭಾರ ಮಾತ್ರ ಹಾಕಬೇಡ.

ಇದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. ನಮ್ಮ ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಜಾಗಕ್ಕೆ ರನ್ನನಗರ ಅಂತ ಹೆಸರು. ಸಾವಿರ ವರ್ಷದ ಹಿಂದಿನ ಕವಿಯ ಹೆಸರು ಕಬ್ಬಿನ ಬಿಲ್ಲಿನ ಮೇಲೆ ಬಂದು ಕುಳಿತಿದೆ. ನನಗೆ ಅದು ಬಹಳ ಸಮಂಜಸವಾಗಿ ಕಾಣುತ್ತದೆ. ರನ್ನ ನಮ್ಮ ಮುಧೋಳದವನು, ಬಳೆ ಮಾರುವ ಮನೆತನದಲ್ಲಿ 949ರಲ್ಲಿ ಹುಟ್ಟಿದವನು. ತನ್ನ ಮೇಲೆ ಅವನಿಗಿದ್ದಷ್ಟು ನಂಬಿಕೆ ಕನ್ನಡದ ಬೇರೆ ಯಾವ ಕವಿಗಿತ್ತೋ ನಾ ಕಾಣೆ. ತನ್ನ ಕೃತಿಯನ್ನು ಪರೀಕ್ಷಿಸಹೊರಟವನಿಗೆ ಎಂಟೆದೆ ಬೇಕು ಎಂದು ಬರೆದುಕೊಂಡ. ಸರಸ್ವತಿಯ ಭಂಡಾರದ ಮುದ್ರೆಯನ್ನೇ ಒಡೆದೆ ಅಂದ. ಶಾಲೆಯಲ್ಲಿ ಇದನ್ನು ಕೇಳಿದ ಮಕ್ಕಳು ಕವಿಗೆ ಸೊಕ್ಕು ಅಂತ ನಗುತ್ತಾರೆ. ನಾನು ಪಾಠ ಹೇಳುವಾಗ ಅದರ ಮುಂದಿನದನ್ನೂ ಹೇಳುತ್ತಿದ್ದೆ. ಈ ಹುಡುಗ ಮನೆ ಬಿಟ್ಟು ಗುರುವನ್ನು ಹುಡುಕುತ್ತ ಶ್ರವಣಬೆಳಗೊಳದವರೆಗೆ ನಡೆದ. ಅಜಿತಸೇನಾಚಾರ್ಯರ ಕಾಲಬುಡದಲ್ಲಿ ಕುಳಿತು ಕಲಿತ. ಚಾವುಂಡರಾಯ ಕೈಹಿಡಿದ. ಆಮೇಲೆ ಅತ್ತಿಮಬ್ಬೆ ಆಶ್ರಯ ಕೊಟ್ಟಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಆ ಮಹಾತಾಯಿ ಬರೆಸಿದ್ದಕ್ಕೇ 993ರಲ್ಲಿ ಅಜಿತಪುರಾಣ ಹುಟ್ಟಿತು. ಅಷ್ಟು ಎದೆಗಾರಿಕೆಯ ಕವಿ ತನ್ನ ಮಕ್ಕಳಿಗೆ ಏನು ಹೆಸರಿಟ್ಟ ಗೊತ್ತೇ? ಮಗನಿಗೆ ರಾಯ, ಮಗಳಿಗೆ ಅತ್ತಿಮಬ್ಬೆ. ದಿನಕ್ಕೆ ಹತ್ತು ಸಲ ಮಕ್ಕಳನ್ನು ಕರೆಯುವಾಗ ತನಗೆ ಅನ್ನ ಕೊಟ್ಟವರ, ಧರ್ಮಕ್ಕಾಗಿ ಬರೆಸಿದವರ ಹೆಸರೇ ಅವನ ಬಾಯಿಗೆ ಬರಬೇಕಿತ್ತು. ಅವನ ನಂಬಿಕೆ ಯಾವ ನೆಲದಲ್ಲಿ ಬೇರು ಬಿಟ್ಟಿತ್ತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರದೂ ಇದೇ ಬಗೆ. ಪುರಸಭೆಯಿಂದ ಶುರುಮಾಡಿ ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದವರು. ತಮ್ಮ ಆತ್ಮಕಥೆಗೆ ಅವರಿಟ್ಟ ಹೆಸರು 'ಐ ಆಮ್ ಮೈ ಓನ್ ಮಾಡೆಲ್', ನನಗೆ ನಾನೇ ಮಾದರಿ ಅಂತ. ಇಷ್ಟೇ ಕೇಳಿದರೆ ತಂಗೀ, ಅವರು ನಿನ್ನ ಪಕ್ಷದವರು ಅನಿಸುತ್ತದೆ. ಆದರೆ ಗೇಣಿದಾರರ ಹಕ್ಕಿನ ಬಗ್ಗೆ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಅವರೇ. 1961ರ ಭೂಸುಧಾರಣಾ ಕಾಯ್ದೆಯ ಹಿಂದೆ ಆ ವರದಿ ಇದೆ. 1964ರಲ್ಲಿ ಬಸವ ಸಮಿತಿ ಕಟ್ಟಿ, ಶರಣರ ವಿಚಾರವನ್ನು ನಾಡಿನ ಹೊರಗೂ ಮುಟ್ಟಿಸುವ ಕೆಲಸಕ್ಕೆ ಬಾಳಿನ ಕೊನೆಯವರೆಗೆ ನಿಂತರು. ತಮಗೆ ತಾವೇ ಮಾದರಿ ಅಂದವರು ಆಯುಷ್ಯ ಸವೆಸಿದ್ದು ಬಸವಣ್ಣನ ಕೆಲಸಕ್ಕೆ.

ಇನ್ನು ನಿನ್ನದು, ತಮ್ಮಾ. ನಿನ್ನ ಬಗ್ಗೆ ಬರೆಯುವುದು ಕಷ್ಟ, ಯಾಕೆಂದರೆ ನಿನ್ನ ಕಣ್ಣಿನಲ್ಲಿರುವ ಬೆಂಕಿ ನನಗೆ ಇಷ್ಟ. ಸ್ಯಾನ್ ಫ್ರಾನ್ಸಿಸ್ಕೋ ಬಂದರಿನಲ್ಲಿ ಹಡಗಿನ ಸರಕು ಹೊರುವ ಕೂಲಿಯಾಗಿದ್ದ ಎರಿಕ್ ಹಾಫರ್ ಎಂಬುವನು 1951ರಲ್ಲಿ 'ದಿ ಟ್ರೂ ಬಿಲೀವರ್' ಎಂಬ ಪುಸ್ತಕ ಬರೆದ. ದೊಡ್ಡ ದೊಡ್ಡ ಚಳವಳಿಗಳಿಗೆ ಜನ ಯಾಕೆ ಧುಮುಕುತ್ತಾರೆ ಎಂಬುದು ಅವನ ವಿಚಾರ. ತನ್ನ ಮೇಲೆ ನಂಬಿಕೆ ಕಳೆದುಕೊಂಡವನು ಆ ಖಾಲಿ ಜಾಗದಲ್ಲಿ ಒಂದು ಧ್ಯೇಯವನ್ನು ತಂದು ಕೂರಿಸಿಕೊಳ್ಳುತ್ತಾನೆ, ಆ ಧ್ಯೇಯ ಯಾವುದಾದರೂ ಅವನಿಗೆ ನಡೆಯುತ್ತದೆ ಅಂದ. ಹಿಟ್ಲರನ ಕಾಲ ಕಂಡವನ ಮಾತು ಅದು, ತಳ್ಳಿಹಾಕುವಂಥದ್ದಲ್ಲ. ನೌಕರಿ ಸಿಗದ, ಹೊಲ ಹರಿದು ಹಂಚಿಹೋದ ಹುಡುಗ ಇವತ್ತು ಒಂದು ಬಾವುಟದ ಕೆಳಗೆ, ನಾಳೆ ಅದಕ್ಕೆ ನೇರ ವಿರುದ್ಧವಾದ ಬಾವುಟದ ಕೆಳಗೆ ಅದೇ ಆವೇಶದಿಂದ ಕೂಗುವುದನ್ನು ನಮ್ಮ ಊರುಗಳಲ್ಲೂ ಕಾಣುತ್ತೇವೆ. ಅಂಥವನಿಗೆ ಧ್ಯೇಯ ಅಂದರೆ ಅಡಗಿಕೊಳ್ಳುವ ಜಾಗ.

ಆದರೆ ಹಾಫರ್ ನಮ್ಮ ಕೃಷ್ಣೆಯ ದಂಡೆ ನೋಡಿರಲಿಲ್ಲ. ನೀನಿನ್ನೂ ಹುಟ್ಟದ ಕಾಲದ ಕಥೆ, ಅದನ್ನು ಪೂರ್ತಿ ಹೇಳಬೇಕು.

ಎಂಬತ್ತರ ದಶಕದಲ್ಲಿ ಕೃಷ್ಣಾ ತೀರದ ರೈತರ ಪಾಡು ಹೀಗಿತ್ತು. ಮಳೆಗಾಲದಲ್ಲಿ ಹೊಳೆ ದಂಡೆ ಮೀರಿ ಹರಿದು, ಬೇಕಾದ್ದನ್ನೂ ಬೇಡಾದ್ದನ್ನೂ ಹೊತ್ತುಕೊಂಡು ಹೋಗುತ್ತಿತ್ತು. ಬೇಸಿಗೆಗೆ ಅದೇ ಹೊಳೆಯಲ್ಲಿ ಮರಳು. ಸಾಲ ಮಾಡಿ ಕೂರಿಸಿದ ಪಂಪ್‌ಸೆಟ್ಟು, ಹೊಲದವರೆಗೆ ಎಳೆದ ಪೈಪು, ಎಲ್ಲ ಇತ್ತು. ಎತ್ತಲು ನೀರು ಇರಲಿಲ್ಲ. ಮಳೆಗಾಲ ಇಳಿಯುವಾಗ ಅಡ್ಡಲಾಗಿ ಒಂದು ಬ್ಯಾರೇಜ್ ಇದ್ದು ಗೇಟು ಹಾಕಿದರೆ, ಹೋಗುವ ನೀರಿನಲ್ಲಿ ಸ್ವಲ್ಪ ನಿಲ್ಲುತ್ತದೆ. ಲೆಕ್ಕ ಅಷ್ಟೇ. ಅಷ್ಟು ಮಾಡಲು ಸರ್ಕಾರದ ದಾರಿ ಕಾಯ್ದು ಕಾಯ್ದು ಜನಕ್ಕೆ ಸಾಕಾಗಿತ್ತು. ಆಗ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ಎದ್ದು ನಿಂತಿತು. ರೈತರೇ ಹಣ ಹಾಕಿದರು. ಊರೂರಿನಿಂದ ಬಂದು ಮೈಮುರಿದು ದುಡಿದರು. ಕೋಟಿಯ ಹತ್ತಿರ ಖರ್ಚು ತಗಲಿದ ಆ ಬ್ಯಾರೇಜ್ 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಎದ್ದಿತು. ಅದಕ್ಕೆ ಶ್ರಮಬಿಂದು ಸಾಗರ ಅಂತ ಹೆಸರಿಟ್ಟರು. ರೈತರೇ ಸ್ವಂತ ದುಡ್ಡು, ಸ್ವಂತ ದುಡಿಮೆಯಿಂದ ಹೊಳೆಗೆ ಕಟ್ಟಿದ ದೇಶದ ಮೊದಲ ಬ್ಯಾರೇಜ್ ಎಂದು ನಾಡಿನಾಚೆಯೂ ಹೆಸರಾಯಿತು.

ಇದರಲ್ಲಿ ನೀನು ಗಮನಿಸಬೇಕಾದ್ದು ಇದು, ತಮ್ಮಾ. ಅಲ್ಲಿ ಬಂದು ಕಲ್ಲು ಹೊತ್ತವರು ತಮ್ಮ ಮೇಲಿನ ನಂಬಿಕೆ ಕಳೆದುಕೊಂಡು ಆಸರೆ ಹುಡುಕಿ ಬಂದವರಲ್ಲ. ಹಾಗಂತ ಹೊಳೆಗೆ ಅಡ್ಡ ಕಟ್ಟುತ್ತೇವೆಂಬ ಧೈರ್ಯ ಅವರಲ್ಲಿ ಮೊದಲೇ ತುಂಬಿ ತುಳುಕುತ್ತಿತ್ತು ಅಂತಲೂ ಅಲ್ಲ. ಒಬ್ಬೊಬ್ಬರನ್ನೇ ಕರೆದು ಕೇಳಿದ್ದರೆ "ನಮ್ಮ ಕಡಿಂದ ಎಲ್ಲಿ ಆಗತೈತ್ರೀ" ಅಂದೇ ಅನ್ನುತ್ತಿದ್ದರು. ಕೆಲಸ ಏಳುತ್ತ ಹೋದಹಾಗೆ ಧೈರ್ಯವೂ ಎದ್ದಿತು. ಒಂದು ಬೆಳೆ ಕಡಿದ ಬುಡದಿಂದ ಕುಳೆ ಕಬ್ಬು ಚಿಗುರುವ ಹಾಗೆ, ಮಾಡಿ ಮುಗಿಸಿದ ಕೆಲಸದ ಬುಡದಿಂದಲೇ ಮುಂದಿನ ನಂಬಿಕೆ ಚಿಗುರುತ್ತದೆ. ಆಮೇಲಿನ ವರ್ಷಗಳಲ್ಲಿ ಬೇಸಿಗೆಗೆ ನೀರು ಸಾಲದಾದಾಗ ಆಲಮಟ್ಟಿಯ ಹಿನ್ನೀರನ್ನು ಪಂಪು ಹಚ್ಚಿ ಈ ಬ್ಯಾರೇಜಿಗೆ ಎತ್ತಿ ತುಂಬಿಸುವ ಸಾಹಸಕ್ಕೂ ಅದೇ ರೈತರು ಕೈ ಹಾಕಿದರು. ಮೊದಲನೆಯದನ್ನು ಮಾಡದವರಿಗೆ ಎರಡನೆಯದು ಹೊಳೆಯುತ್ತಲೂ ಇರಲಿಲ್ಲ.

ಆ ಧ್ಯೇಯಕ್ಕೆ ಇನ್ನೊಂದು ಗುಣವಿತ್ತು. ಅದರಲ್ಲಿ ಸುಳ್ಳು ನಡೆಯುತ್ತಿರಲಿಲ್ಲ. ನೀರು ನಿಂತಿತೋ ಇಲ್ಲವೋ ಎಂಬುದನ್ನು ದಂಡೆಗೆ ಹೋದ ಯಾರು ಬೇಕಾದರೂ ನೋಡಬಹುದಿತ್ತು. ಯಾವ ಮುಖಂಡನ ಭಾಷಣವೂ ಖಾಲಿ ಹೊಳೆಯನ್ನು ತುಂಬಿದ ಹೊಳೆ ಎಂದು ನಂಬಿಸಲಾರದು. ನೀನು ಸೇರುವ ಹೋರಾಟಕ್ಕೆ ಇಂಥದ್ದೊಂದು ಅಳತೆ ಇದೆಯೇ ಎಂದು ಮೊದಲು ಕೇಳಿಕೋ. ಗೆದ್ದೆವು ಎಂದು ಯಾವಾಗ ಹೇಳುತ್ತೇವೆ, ಸೋತೆವು ಎಂದು ಯಾವಾಗ ಒಪ್ಪುತ್ತೇವೆ? ಇದಕ್ಕೆ ಉತ್ತರ ಇಲ್ಲದ ಕಡೆ ಬಹಳ ಹೊತ್ತು ನಿಲ್ಲಬೇಡ.

ನ್ಯಾಮಗೌಡರ ಕಥೆಯೂ ಕೇಳು. ಬ್ಯಾರೇಜ್ ಆಗಿ ಎರಡೇ ವರ್ಷಕ್ಕೆ, 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಕೇಂದ್ರದಲ್ಲಿ ರಾಜ್ಯ ಮಂತ್ರಿಯಾದರು. ಆಮೇಲೆ ಬಹಳ ವರ್ಷ ಗೆಲುವು ಒಲಿಯಲಿಲ್ಲ. 2013ರಲ್ಲಿ ಜಮಖಂಡಿಯ ಶಾಸಕರಾದರು, 2018ರಲ್ಲಿ ಮತ್ತೆ ಗೆದ್ದರು, ಗೆದ್ದ ಅದೇ ಮೇ ತಿಂಗಳ ಕೊನೆಗೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ರಾಜಕೀಯವನ್ನು ಮೆಚ್ಚಿದವರೂ ಇದ್ದರು, ಮೆಚ್ಚದವರೂ ಇದ್ದರು. ಜನ ಮಾತ್ರ ಕೊನೆಯವರೆಗೂ ಬ್ಯಾರೇಜ್ ಸಿದ್ದು ಅಂತಲೇ ಕರೆದರು. ಮನುಷ್ಯ ಏಳುತ್ತಾನೆ, ಬೀಳುತ್ತಾನೆ, ಹೋಗಿಬಿಡುತ್ತಾನೆ. ಮುಖಂಡನನ್ನು ನಂಬುವುದು, ಕೆಲಸವನ್ನು ನಂಬುವುದು ಎರಡೂ ಒಂದೇ ಅಂತ ತಿಳಿಯಬೇಡ. ಅವರು ಸೋತ ವರ್ಷಗಳಲ್ಲೂ ಚಿಕ್ಕಪಡಸಲಗಿಯಲ್ಲಿ ಗೇಟು ಹಾಕುವ ಕೆಲಸ ನಿಲ್ಲಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಿನಗೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ನೀರು ಬಂತು, ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು ಬಂದವು. ಜಮಖಂಡಿ, ಮುಧೋಳದ ಮನೆಗಳಲ್ಲಿ ದುಡ್ಡು ಆಡಿತು, ಮಕ್ಕಳು ಓದಿದರು. ಹಾಗೆಯೇ ಹದ ತಪ್ಪಿ ನೀರು ಹಾಯಿಸಿದ ಕಡೆ ಭೂಮಿ ಸವಳು-ಜವಳಾಯಿತು. ಬೆಳ್ಳಗೆ ಉಪ್ಪು ಹೂತ ಹೊಲಗಳನ್ನು ನೀನೂ ನೋಡಿದ್ದೀ. ನೀರಿಗಾಗಿ ಹೋರಾಡಿದ್ದು ತಪ್ಪೇ? ಎಂದಿಗೂ ಅಲ್ಲ. ಆದರೆ ಒಳ್ಳೆಯ ಧ್ಯೇಯವೂ ಗೆದ್ದ ಮೇಲೆ ಹೊಸ ಪ್ರಶ್ನೆ ತರುತ್ತದೆ. ಆಗ "ನಾವು ನೀರಿಗಾಗಿ ಹೋರಾಡಿದವರು, ನಮಗೇ ಎದುರು ಮಾತಾಡುತ್ತೀಯಾ" ಎಂದು ಕೇಳಿದವನ ಬಾಯಿ ಮುಚ್ಚಿಸುವವನು ಧ್ಯೇಯಕ್ಕೆ ನಿಷ್ಠನಲ್ಲ, ತನ್ನ ಹಳೆಯ ಗೆಲುವಿಗೆ ನಿಷ್ಠ. ಹನಿ ನೀರಾವರಿ ಹಾಕಿಸು, ಬಸಿಗಾಲುವೆ ತೋಡು ಎಂದು ಈಗ ಹೇಳುವವನೇ ಆ ಹಳೆಯ ಹೋರಾಟದ ನಿಜವಾದ ವಾರಸುದಾರ. ಇದನ್ನು ನಾನು ಸಭೆಗಳಲ್ಲಿ ಹೇಳಿದ್ದೇನೆ, ಮುಂದೂ ಹೇಳುತ್ತೇನೆ.

ನೀನು ಕಬ್ಬಿನ ದರದ ಹೋರಾಟಕ್ಕೆ ಹೋಗುತ್ತೀ. ಹೋಗು. ಆದರೆ ತಿಳಿದುಕೊಂಡು ಹೋಗು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಇಟ್ಟ ಎಫ್‌ಆರ್‌ಪಿ (ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ) ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಶೇ 0.1 ಏರಿದರೆ 3.46 ರೂಪಾಯಿ ಸೇರಿಸಬೇಕೆಂದೂ ಆಗ ಗೊತ್ತುಮಾಡಿತ್ತು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಆಗಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಕಟಾವು ಮತ್ತು ಸಾಗಾಣಿಕೆ ಎಂದು ಎಷ್ಟು ಮುರಿಯುತ್ತಾರೆ, ಕಾಟಾದಲ್ಲಿ ತೂಕ ಸರಿಯಿದೆಯೇ, ಇಳುವರಿಯ ಅಂಕಿ ಎಲ್ಲಿಂದ ಬರುತ್ತದೆ, ಇವನ್ನು ಕೇಳಲು ಬಲ್ಲವನ ಮುಂದೆ ಅಧಿಕಾರಿ ಎದ್ದು ನಿಲ್ಲುತ್ತಾನೆ. ಘೋಷಣೆ ಮಾತ್ರ ಬಲ್ಲವನನ್ನು ಸಂಜೆವರೆಗೆ ಕೂಗಿಸಿ ಮನೆಗೆ ಕಳಿಸುತ್ತಾರೆ. ನಿನ್ನನ್ನು ನೀನು ಗಟ್ಟಿ ಮಾಡಿಕೊಳ್ಳದೆ ಹೋರಾಟವನ್ನು ಗಟ್ಟಿ ಮಾಡಲು ಬರುವುದಿಲ್ಲ. ನಿನ್ನಕ್ಕ ಹೇಳುವ ಮಾತಿನಲ್ಲಿ ನೀನು ಕಲಿಯಬೇಕಾದ್ದು ಇದು.

ಪ್ರಾಣದ ಮಾತೂ ಬರೆಯಲೇಬೇಕು. ನಮ್ಮ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆ ಅಂದರು. ಬ್ರಿಟಿಷರ ದಂಡು ಊರನ್ನು ಸುಟ್ಟಿತು, ಸೆರೆ ಸಿಕ್ಕವರನ್ನು ಗಲ್ಲಿಗೇರಿಸಿತು. ಲಾವಣಿ ಕಟ್ಟಿದವರು ಆ ಹೆಸರುಗಳನ್ನು ಉಳಿಸಿದರು. ನಾನು ಆ ಊರಿನ ಹೆಸರು ಹೇಳುವಾಗ ಕೈ ಮುಗಿಯುತ್ತೇನೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭೆಯ ರೈತರ ಹೋರಾಟ ಗೋಲಿಬಾರಿನಲ್ಲಿ ಮುಗಿದಾಗ ರೈತರೂ ಸತ್ತರು, ಪೊಲೀಸರೂ ಸತ್ತರು. ರಾಜ್ಯದ ರೈತ ಚಳವಳಿ ಆ ನೆತ್ತರಿನಿಂದ ಎದ್ದದ್ದು ನಿಜ. ಆದರೆ ಹಲಗಲಿಯವರಿಗೆ ಬೇರೆ ದಾರಿ ಇರಲಿಲ್ಲ. ನಿನಗೆ ಮತವಿದೆ, ಕೋರ್ಟಿದೆ, ಸಹಕಾರಿ ಸಂಘದ ಸಭೆಯಿದೆ. ನಿನ್ನ ಪ್ರಾಣವನ್ನಾಗಲಿ ಇನ್ನೊಬ್ಬನ ಪ್ರಾಣವನ್ನಾಗಲಿ ಕೇಳುವ ಮುಖಂಡ ಎದುರಾದರೆ, ಅವನ ಸ್ವಂತ ಮಗ ಆ ಹೊತ್ತಿಗೆ ಎಲ್ಲಿದ್ದಾನೆ ಎಂದು ವಿಚಾರಿಸು. ಕಲ್ಲು ಹಿಡಿದ ಕೈ, ಬೆಂಕಿ ಹಚ್ಚಿದ ಕೈ ನಮ್ಮ ಮನೆಯದಾಗಬಾರದು. ಇದು ನನ್ನ ಕಟ್ಟುನಿಟ್ಟಿನ ಮಾತು.

ಈಗ ಮತ್ತೆ ನಿನ್ನ ಕಡೆಗೆ, ತಂಗೀ. ಪಿಎಸ್‌ಐ ಪರೀಕ್ಷೆ ರದ್ದಾದಾಗ ಏನಾಯಿತು ನೆನಪಿಸಿಕೋ. ಅಲ್ಲಿಯವರೆಗೆ ಒಬ್ಬರೊಡನೊಬ್ಬರು ಪೈಪೋಟಿಯಲ್ಲಿದ್ದ ಹುಡುಗರು ಒಟ್ಟಾಗಿ ಬೀದಿಗೆ ಬಂದರು, ಕೋರ್ಟಿಗೂ ಹೋದರು. ಮರುಪರೀಕ್ಷೆ ಬೇಡ ಅಂದವರೂ ಇದ್ದರು, ಬೇಗ ಆಗಲಿ ಅಂದವರೂ ಇದ್ದರು. ಯಾರು ಸರಿ ಎಂಬುದು ಬೇರೆ ಮಾತು. ತಮ್ಮನ್ನು ತಾವು ನಂಬಿ ಕೋಣೆಯ ಬಾಗಿಲು ಹಾಕಿಕೊಂಡು ಓದಿದವರಿಗೂ, ಪರೀಕ್ಷೆ ನೆಟ್ಟಗೆ ನಡೆಯಬೇಕು ಎಂಬ ಧ್ಯೇಯ ತಮ್ಮದೇ ಎಂದು ಆ ದಿನ ಗೊತ್ತಾಯಿತು. ನಿನ್ನ ತಮ್ಮನಿಂದ ನೀನು ಕಲಿಯಬೇಕಾದ್ದು ಅದು.

ಈಗ ನಾನು ಕೇಳುವುದು ಇಷ್ಟು. ತಂಗೀ, ಈ ಸಲ ರಜೆಗೆ ಬಂದಾಗ ಹತ್ತನೆಯ ತರಗತಿಯ ನಮ್ಮೂರ ಹುಡುಗಿಯರಿಗೆ ಗಣಿತ ಹೇಳಿಕೊಡು. ಗಣಿತದಲ್ಲಿ ಹಿಂದೆ ಬಿದ್ದು ಅಲ್ಲಿಗೇ ಓದು ಬಿಡುವ ಹುಡುಗಿಯರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಒಬ್ಬಳು ಪಾಸಾದರೂ ಅದು ನೀನು ಮಾಡಿದ ಕೆಲಸ, ನಿನ್ನ ಫಲಿತಾಂಶ ಏನೇ ಬರಲಿ ಅದನ್ನು ಯಾರೂ ರದ್ದು ಮಾಡಲು ಬರುವುದಿಲ್ಲ. ತಮ್ಮಾ, ಸಹಕಾರಿ ಸಂಘದ ವಾರ್ಷಿಕ ಸಭೆಗೆ ಮೊದಲು ಶೇರುದಾರರಿಗೆ ವರದಿ ಪುಸ್ತಕ ಬರುತ್ತದೆ. ನಮ್ಮ ಮನೆಗೆ ಬಂದದ್ದು ಅಟ್ಟದ ಮೇಲಿನ ಟ್ರಂಕಿನಲ್ಲಿದೆ, ಹಿಂದಿನ ವರ್ಷಗಳದೂ ಇವೆ. ಇಳಿಸಿಕೊಂಡು ಓದು. ತಿಳಿಯದ ಕಡೆ ಅಕ್ಕನನ್ನು ಕೇಳು, ಆಕೆ ಬಿ.ಕಾಂ. ಮಾಡಿದವಳು, ಜಮಾ ಖರ್ಚಿನ ಪಟ್ಟಿ ಓದಬಲ್ಲಳು. ಸಭೆಯಲ್ಲಿ ಎದ್ದು ಮೂರು ಪ್ರಶ್ನೆ ಕೇಳು. ನಾನೂ ಶೇರುದಾರನೇ, ನಿನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತೇನೆ.

ನಿಮ್ಮ ಅಜ್ಜ
ತಿಮ್ಮಾಪುರ